ಹೈಬ್ರಿಡ್ ಇರಲಿ, ಲೀಸ್ ಬೇಡ



ಆಫೀಸಿನ ಲೀಸ್ ಕಾರಿನ ಅವಧಿ ಯುಗಾದಿ ಹೊತ್ತಿಗೆ ಮುಗಿಯುತ್ತದೆ, ಅದರ ಜಾಗಕ್ಕೆ ಒಂದು ಚಿಕ್ಕ ಹೈಬ್ರಿಡ್ ಎಸ್‌ಯುವಿಯನ್ನು ಮತ್ತೆ ಲೀಸ್‌ನಲ್ಲೇ ತರಲೇ ಎಂದು ಕೇಳಿದ್ದೀರಿ. ಹೈಬ್ರಿಡ್ ತನ್ನಿ, ಲೀಸ್ ಮಾತ್ರ ಬೇಡ ಎನ್ನುವವನು ನಾನು.

ನಿಮ್ಮ ಪಟ್ಟಿಯಲ್ಲಿರುವ ಟೊಯೊಟಾ ಹೈರೈಡರ್, ಮಾರುತಿ ಗ್ರ್ಯಾಂಡ್ ವಿಟಾರ ಎರಡೂ ಒಂದೇ ಮನೆಯ ಮಕ್ಕಳು. 2022ರಲ್ಲಿ ಮಾರುಕಟ್ಟೆಗೆ ಬಂದಾಗ ಎರಡನ್ನೂ ಕಟ್ಟಿದ್ದು ನಮ್ಮ ಬಿಡದಿಯ ಟೊಯೊಟಾ ಕಾರ್ಖಾನೆಯಲ್ಲೇ. ಬಂಪರು, ಬ್ಯಾಡ್ಜು ಬೇರೆ. ಒಳಗಿನ ಒಂದೂವರೆ ಲೀಟರಿನ ಮೂರು ಸಿಲಿಂಡರ್ ಎಂಜಿನ್ನು, ಮೋಟಾರು ಒಂದೇ. ಮನೆಗೆ ಹತ್ತಿರದ ಸರ್ವಿಸ್ ಸೆಂಟರ್ ಯಾರದೋ ಅವರದ್ದೇ ಕೊಳ್ಳಿ. ಎಚ್ಚರ ಬೇಕಾದ್ದು ವೇರಿಯಂಟ್ ವಿಷಯದಲ್ಲಿ. ಇವೆರಡರ ಅಗ್ಗದ ಮಾದರಿಗಳಿಗೂ ಹೈಬ್ರಿಡ್ ಎಂಬ ಹೆಸರು ಅಂಟಿಕೊಂಡಿದೆ. ಅವು ಮೈಲ್ಡ್ ಹೈಬ್ರಿಡ್. ಅವುಗಳ ಪುಟ್ಟ ಮೋಟಾರು ಎಂಜಿನ್ನಿಗೆ ಕೈ ಜೋಡಿಸುತ್ತದೆಯೇ ಹೊರತು ತಾನೊಂದೇ ಚಕ್ರ ಉರುಳಿಸಲಾರದು. ನಿಮಗೆ ಬೇಕಾದ್ದು ಸ್ಟ್ರಾಂಗ್ ಹೈಬ್ರಿಡ್. (ತೋಟದ ದಾರಿಗೆ ಆಲ್ ವೀಲ್ ಡ್ರೈವ್ ಬೇಕೆನ್ನುವ ಮಲೆನಾಡಿನವರು ಮೈಲ್ಡ್‌ಗೇ ಹೋಗಬೇಕು, ಸ್ಟ್ರಾಂಗ್‌ನಲ್ಲಿ ಅದಿಲ್ಲ.)

ಸ್ಟ್ರಾಂಗ್ ಹೈಬ್ರಿಡ್‌ನ ಬ್ಯಾಟರಿ ಒಂದು ಯೂನಿಟ್ ಕರೆಂಟನ್ನೂ ಹಿಡಿಯುವುದಿಲ್ಲ, ಬರೀ 0.76. ಅಷ್ಟರಲ್ಲೇ ಅದರ ಜಾಣತನ. ಸಿಲ್ಕ್ ಬೋರ್ಡ್ ಬಳಿ ನೀವು ಬ್ರೇಕ್ ಒತ್ತಿದಾಗಲೆಲ್ಲ ತುಂಬಿಕೊಳ್ಳುತ್ತದೆ, ಮುಂದಕ್ಕೆ ತೆವಳುವಾಗ ಖರ್ಚು ಮಾಡುತ್ತದೆ, ಎಂಜಿನ್ನು ಸುಮ್ಮನಿರುತ್ತದೆ. ಚಾರ್ಜಿಂಗ್ ಪಾಯಿಂಟಿಗಾಗಿ ಅಪಾರ್ಟ್‌ಮೆಂಟ್ ಸಂಘದ ಜೊತೆ ಜಗಳವೂ ಬೇಡ. ಆದರೆ ತುಮಕೂರು ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಈ ಲಾಭ ಕರಗುತ್ತದೆ. ಶಿರಾಡಿ ಘಾಟಿ ಹತ್ತುವಾಗ ಮೂರು ಸಿಲಿಂಡರು ಗೊರಗುಟ್ಟುವುದು ಕೇಳುತ್ತದೆ. ಟೆಸ್ಟ್ ಡ್ರೈವನ್ನು ಭಾನುವಾರ ಬೆಳಿಗ್ಗೆ ಇಟ್ಟುಕೊಳ್ಳಬೇಡಿ, ವಾರದ ದಿನ ಸಂಜೆ ಆರಕ್ಕೆ ಕೇಳಿ.

ಈಗ ದುಡ್ಡಿನ ಮಾತು. ಕಂಪನಿ ಹೇಳಿಕೊಂಡ ಮೈಲೇಜು 27.97. ನೀವು 20 ಎಂದೇ ಲೆಕ್ಕ ಹಾಕಿ, ಮಾಮೂಲಿ ಪೆಟ್ರೋಲ್ ಗಾಡಿಗೆ ಊರೊಳಗೆ 13 ಎನ್ನಿ. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿಸಿದರೆ 27 ಲೀಟರ್ ಉಳಿಯಿತು. ಲೀಟರಿಗೆ 100 ರೂಪಾಯಿಯಂತೆ ವರ್ಷಕ್ಕೆ ಸುಮಾರು 32 ಸಾವಿರ. ಹೈಬ್ರಿಡ್‌ಗೆ ಎರಡೂವರೆ ಲಕ್ಷ ಹೆಚ್ಚು ಕೊಟ್ಟಿರೆಂದರೆ ಅದು ಹಿಂದಿರುಗಲು ಏಳೂಮುಕ್ಕಾಲು ವರ್ಷ ಬೇಕು. ಸರ್ಕಾರವೂ ಇದಕ್ಕೆ ರಿಯಾಯಿತಿ ಕೊಟ್ಟಿಲ್ಲ: 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಬದಲಾದ ಮೇಲೂ ಎಲೆಕ್ಟ್ರಿಕ್ ಕಾರಿಗೆ ಶೇ. 5, ಈ ಹೈಬ್ರಿಡ್‌ಗೆ ಶೇ. 40.

ನಾಲ್ಕು ವರ್ಷಕ್ಕೆ ಗಾಡಿ ಹಿಂದಿರುಗಿಸುವವರು ಆ ಹೆಚ್ಚಿನ ಬೆಲೆಯ ಭಾರವನ್ನು ಕಂತಿನಲ್ಲಿ ಹೊತ್ತು, ಉಳಿತಾಯದ ಅರ್ಧವನ್ನು ಮುಂದಿನವರಿಗೆ ಬಿಟ್ಟುಕೊಟ್ಟಂತೆ. ಬ್ಯಾಟರಿಗೆ ಎಂಟು ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್ ವಾರಂಟಿ ಇರುವಾಗ ಅಷ್ಟು ಬೇಗ ಬಿಡುವುದೇಕೆ? ಲೀಸ್ ಕಂತು ತೆರಿಗೆಗೆ ಮುಂಚೆ ಸಂಬಳದಿಂದ ಹೋಗುತ್ತದೆ ಎನ್ನುತ್ತೀರಿ, ಸರಿ. ಆ ಲಾಭ ಪೆಟ್ರೋಲ್ ಕಾರಿಗೂ ಸಿಗುತ್ತದಲ್ಲ. ಲೀಸೇ ಬೇಕೆಂದರೆ ಅಗ್ಗದ ಪೆಟ್ರೋಲ್ ತನ್ನಿ. ಹೈಬ್ರಿಡ್, ಲೀಸ್ ಎರಡೂ ಬೇಕೆಂಬ ಹಟವಿದ್ದರೆ, ಕೊನೆಗೆ ಇಂಥ ಬೆಲೆಗೆ ನೀವೇ ಕೊಳ್ಳುವಿರೆಂದು ಒಪ್ಪಂದದಲ್ಲಿ ಮೊದಲೇ ಬರೆಸಿ.

ಇನ್ನು ಡಿಕ್ಕಿ. ಬ್ಯಾಟರಿ ಒಂದಿಷ್ಟು ಜಾಗ ನುಂಗಿ 265 ಲೀಟರ್ ಉಳಿಸಿದೆ. ಶಿರಸಿಗೆ ಹೋಗಿಬರುವಾಗ ಅಮ್ಮ ಕಟ್ಟಿಕೊಡುವ ಹಲಸಿನಕಾಯಿ, ತೆಂಗಿನಕಾಯಿ ಮೂಟೆ, ನಾಲ್ವರ ಸೂಟ್‌ಕೇಸು ಎಲ್ಲ ಅದರಲ್ಲಿ ಹಿಡಿಯುವುದಿಲ್ಲ. ಶೋರೂಮಿಗೆ ನಿಮ್ಮದೇ ಸೂಟ್‌ಕೇಸುಗಳನ್ನು ಒಯ್ದು ಇಟ್ಟು ನೋಡಿ, ನಾಚಿಕೆ ಬೇಡ.

ಈಗಿನ ಕಾರನ್ನು ಎಷ್ಟಕ್ಕೆ ಬಿಟ್ಟುಕೊಡುತ್ತಾರೆಂದು ಲೀಸಿನವರನ್ನು ಬರವಣಿಗೆಯಲ್ಲಿ ಕೇಳಿ, ಆ ಅಂಕಿಯನ್ನು ನನಗೆ ಕಳಿಸಿ. ಅದು ಕಡಿಮೆಯಿದ್ದರೆ ಹೊಸದರ ಯೋಚನೆಯನ್ನೇ ಎರಡು ವರ್ಷ ಮುಂದೂಡಿ ಎಂದು ಹೇಳಿಯೇನು.