ಡಬ್ಬಿ ಒಡೆಯದ ಮಾಲು

‘ಹೊಸದು’ ಎಂಬ ಮಾತಿನ ಅರ್ಥವನ್ನು ನಾನು ಕಲಿತದ್ದು ಕಾಲೇಜಿನ ತರಗತಿಯಲ್ಲಲ್ಲ. ಕಾರವಾರದ ಒಂದು ಹಳೆಯ ಫೋಟೋ ಅಂಗಡಿಯಲ್ಲಿ.

ಅಪ್ಪನ ನಿಕಾನ್ ಕ್ಯಾಮರಾ ನನ್ನ ಪಾಲಿಗೆ ಬಂದಂದಿನಿಂದ 105 ಮಿ.ಮೀ. ನಿಕ್ಕಾರ್ ಲೆನ್ಸಿನ ಹುಚ್ಚು ನನಗೆ ಹತ್ತಿತ್ತು. ಮುಖಚಿತ್ರಕ್ಕೆ ಹೆಸರಾದ ಲೆನ್ಸು ಅದು. 1984ರಲ್ಲಿ ಸ್ಟೀವ್ ಮೆಕ್‌ಕರಿ ಹಸಿರುಗಣ್ಣಿನ ಅಫಘಾನ್ ಬಾಲೆಯ ಚಿತ್ರ ತೆಗೆದದ್ದು ಇಂಥದರಿಂದಲೇ. ಆದರೆ 2006ರ ಜನವರಿಯಲ್ಲಿ ಕಂಪನಿಯವರು, ಕೈಯಿಂದ ಫೋಕಸ್ ಮಾಡುವ ಲೆನ್ಸುಗಳಲ್ಲಿ ಹೆಚ್ಚಿನವುಗಳ ತಯಾರಿಕೆ ನಿಲ್ಲಿಸುವುದಾಗಿ ಸಾರಿಬಿಟ್ಟರು. ಈಗ ಬೇಕೆಂದರೆ ಯಾರೋ ಬಳಸಿ ಬಿಟ್ಟದ್ದೇ ಗತಿ; ಪುಣ್ಯವಿದ್ದರೆ ಮಾರಾಟವಾಗದೆ ಉಳಿದ ಹಳೆಯ ದಾಸ್ತಾನು.

ನನ್ನ ಪುಣ್ಯ ದೊಡ್ಡದೆಂದೇ ಭಾವಿಸಿದೆ. ಈಗ ಪಾಸ್‌ಪೋರ್ಟ್ ಫೋಟೋಗಳಿಂದಲೇ ಬದುಕಿರುವ ಆ ಅಂಗಡಿಯವರು ಕಪಾಟಿನ ತಳದಿಂದ ಒಂದು ಡಬ್ಬಿ ತೆಗೆದು, “ಒಡೆಯದ ಮಾಲು ತಮಾ, ಹೊಚ್ಚ ಹೊಸದು” ಎಂದರು. ಅಂಕೋಲೆಯ ಅಜ್ಜಿಯ ಚಿತ್ರ ತೆಗೆಯಬೇಕೆಂದು ಎರಡು ವರ್ಷ ಕೂಡಿಟ್ಟ ಹಣ ಕಿಸೆಯಲ್ಲಿ ಕುಣಿಯತೊಡಗಿತು.

ಆದರೂ ಲೆನ್ಸನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದೆ. ಒಳಗಾಜಿನ ಅಂಚಿನಲ್ಲಿ ಜೇಡರಬಲೆಯಂಥ ಬಿಳಿಯ ಎಳೆಗಳು. ಬೂಷ್ಟು! ನಮ್ಮ ಕರಾವಳಿಯ ತೇವದಲ್ಲಿ, ಕತ್ತಲೆಯ ಡಬ್ಬಿಯೊಳಗೆ, ಗಾಳಿಬೆಳಕು ಕಾಣದೆ ಕುಳಿತ ಗಾಜಿಗೆ ಬೇರೇನಾದೀತು? ಬಳಕೆಯಲ್ಲಿರುವ ಲೆನ್ಸಿಗೆ ಇದು ಅಷ್ಟು ಸುಲಭವಾಗಿ ಹತ್ತದು.

ಅಂಗಡಿಯವರು ಕನ್ನಡಕ ಏರಿಸಿ ನೋಡಿದರು. ನನಗಿಂತ ಅವರೇ ಹೆಚ್ಚು ನೊಂದರು. “ತಕ್ಕ ಗಿರಾಕಿ ಬರಲಿ ಅಂತ ಎತ್ತಿಟ್ಟಿದ್ದೆ” ಎಂದಷ್ಟೇ ಹೇಳಿ ಅರ್ಧ ಬೆಲೆಗೆ ಕೊಟ್ಟರು. ಅಂಚಿನ ಅಷ್ಟು ಬೂಷ್ಟಿನಿಂದ ಚಿತ್ರ ಕೆಡಲಾರದೆಂದು ನಾನೂ ಕೊಂಡೆ.

ಮರುದಿನ ಅಂಕೋಲೆಗೆ ಹೋದರೆ ಅಜ್ಜಿಯದು ಬೇರೆಯೇ ರಾಗ. “ಈಗ ಬೇಡ ತಮಾ, ದೀಪಾವಳಿಗೆ ಹೊಸ ಸೀರೆ ಉಟ್ಟಾಗ ತೆಗೆ.” ಆ ‘ಹೊಸ’ ಸೀರೆ ಪೆಟ್ಟಿಗೆ ಸೇರಿ ಹನ್ನೆರಡು ದೀಪಾವಳಿಗಳಾಗಿದ್ದವು! ನಾನು ಲೆನ್ಸಿನ ಕತೆ ಹೇಳಿದೆ. ಅಜ್ಜಿ ಉತ್ತರಿಸದೆ ಒಳಗೆ ಹೋದಳು. ಪೆಟ್ಟಿಗೆಯ ಮುಚ್ಚಳ ಕಿರುಗುಟ್ಟಿದ್ದು ಕೇಳಿಸಿತು. ಎಷ್ಟೋ ಹೊತ್ತಿನ ಮೇಲೆ, ಮಡಿಕೆಗಳಲ್ಲಿ ಬಣ್ಣ ಮಾಸಿದ ಆ ಸೀರೆಯನ್ನೇ ಉಟ್ಟು, ಅಂಗಳದ ಎಳೆಬಿಸಿಲಿಗೆ ಬಂದು ಕುಳಿತಳು.

ಚಿತ್ರ ಚೆನ್ನಾಗಿ ಬಂದಿದೆ. ಸೀರೆಯ ಮಡಿಕೆಯ ಗೆರೆಗಳೂ ಅದರಲ್ಲಿ ಕಾಣುತ್ತವೆ. ಲೆನ್ಸನ್ನು ನಾನು ಮತ್ತೆ ಡಬ್ಬಿಗೆ ಹಾಕಿಲ್ಲ. ಅಜ್ಜಿಯೂ ಆ ಸೀರೆಯನ್ನು ಈಗ ಸಂತೆಗೂ ಉಡುತ್ತಾಳೆ.