ತಾತ ಕೂತಿದ್ದ ಮೈದಾನ

ಸಿಂಗಪುರ ಅಂದರೆ ಮಕ್ಕಳಿಗೆ ಸೆಂಟೋಸಾ, ಕೇಬಲ್ ಕಾರ್, ಬಾಯಿಂದ ನೀರು ಚಿಮ್ಮುವ ಮೆರ್ಲಯನ್. ಅದೆಲ್ಲ ಎರಡೇ ದಿನದಲ್ಲಿ ಮುಗಿಯಿತು. ಮೂರನೇ ದಿನ ಅಪ್ಪನದು. ಅವರ ತಂದೆ, ಅಂದರೆ ನನ್ನ ತಾತ, ಮೈಸೂರು ಸಂಸ್ಥಾನದ ಪಡೆಯ ಸಿಪಾಯಿಯಾಗಿ ಎರಡನೇ ಮಹಾಯುದ್ಧದಲ್ಲಿ ಇಲ್ಲಿಗೆ ಬಂದು ಜಪಾನಿಯರಿಗೆ ಸೆರೆಸಿಕ್ಕವರು.

ಮೊದಲು ಹಳೆಯ ಫೋರ್ಡ್ ಕಾರ್ಖಾನೆಗೆ ಹೋದೆವು. 1942ರ ಫೆಬ್ರುವರಿ 15ರಂದು ಬ್ರಿಟಿಷ್ ಸೇನಾಪತಿ ಪರ್ಸಿವಲ್ ಜಪಾನಿನ ಯಮಾಶಿತಾಗೆ ಶರಣಾಗಿ ಸಹಿ ಹಾಕಿದ ಜಾಗ, ಈಗ ವಸ್ತುಸಂಗ್ರಹಾಲಯ. ಆಗ ಅಕ್ಕಿ ಸಿಗದೆ ಊರಿನ ಜನ ಮರಗೆಣಸು ತಿಂದು ದಿನ ದೂಡಿದ ಕತೆ ಕೇಳಿ ಅಪ್ಪ, "ನಮ್ಮಮ್ಮ ಒಂದ್ಸಲ ಮರಗೆಣಸು ಬೇಯಿಸಿದ್ರೆ ಪಾತ್ರೆ ಸಮೇತ ತಿಪ್ಪೆಗೆ ಎಸೆದಿದ್ರು" ಎಂದರು.

ಫಾರರ್ ಪಾರ್ಕ್ ಲಿಟಲ್ ಇಂಡಿಯಾದ ಪಕ್ಕದಲ್ಲೇ ಇದೆ. ನೋಡಲು ಏನೂ ಇರಲಿಲ್ಲ, ಬರೀ ಮೈದಾನವಾಗಿತ್ತು. ಶರಣಾಗತಿಯ ಎರಡು ದಿನಕ್ಕೆ 40,000ಕ್ಕೂ ಹೆಚ್ಚು ಭಾರತೀಯ ಸೈನಿಕರನ್ನು ಇಲ್ಲಿ ಸೇರಿಸಿ ಜಪಾನಿಯರಿಗೆ ಒಪ್ಪಿಸಿದರು. ಬ್ರಿಟಿಷರ ವಿರುದ್ಧ ಹೋರಾಡಲು ಯಾರು ಬರುತ್ತೀರಿ ಎಂದು ಕ್ಯಾಪ್ಟನ್ ಮೋಹನ್ ಸಿಂಗ್ ಕೇಳಿದ್ದೂ ಇಲ್ಲೇ. ಆಜಾದ್ ಹಿಂದ್ ಫೌಜ್ ಮೊಳೆತದ್ದು ಹೀಗೆ.

"ಮುತ್ತಾತ ಕೈ ಎತ್ತಿದ್ರಾ?" ಮಗ ಕೇಳಿದ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಇಲ್ಲ ಕಣೋ. ಪಕ್ಕದಲ್ಲಿ ಕೂತಿದ್ದ ನಮ್ಮೂರಿನ ಗೆಳೆಯ ಎತ್ತಿದ. ಮಹಾರಾಜರ ಉಪ್ಪು ತಿಂದಿದೀನಿ ಅಂತ ಇವರು ಕೂತೇ ಇದ್ರು. ಬರ್ಮಾ ಕಡೆ ಹೋದ ಗೆಳೆಯ ವಾಪಸ್ ಬರಲಿಲ್ಲ."

ಸ್ವಾತಂತ್ರ್ಯ ದಿನಕ್ಕೆ ಶಾಲೆಯವರು ಕರೆದರೆ ತಾತ ಕಾಲುನೋವೆಂದು ಹೋಗುತ್ತಿರಲಿಲ್ಲ. ಆ ನೋವು ಆಗಸ್ಟ್ 15ಕ್ಕೇ ಯಾಕೆ ಬರುತ್ತಿತ್ತೆಂದು ಅಪ್ಪನಿಗೆ ಮಾತ್ರ ಗೊತ್ತಿತ್ತು.

"ಹಾಗಾದ್ರೆ ಮುತ್ತಾತ ಹೆದರಿದ್ರಾ?"

"ಒಲ್ಲೆ ಅಂದವರಿಗೂ ಸುಖ ಇರಲಿಲ್ಲ ಮರಿ. ಸೆರೆ, ಕೂಲಿ, ಹೊಡೆತ." ಅದು ನಿಜ. ಒಪ್ಪದ ಅನೇಕರನ್ನು ಜಪಾನಿಯರು ಹಡಗಿನಲ್ಲಿ ತುಂಬಿ ದೂರದ ನ್ಯೂಗಿನಿವರೆಗೂ ದುಡಿಮೆಗೆ ಸಾಗಿಸಿದ್ದರು. ಎಷ್ಟೋ ಜನ ಅಲ್ಲೇ ಸತ್ತರು.

ಸಂಜೆ ಎಸ್‌ಪ್ಲನೇಡ್ ಪಾರ್ಕಿಗೆ ಹೋದೆವು. ಫೌಜಿನಲ್ಲಿ ಮಡಿದವರಿಗಾಗಿ 1945ರ ಜುಲೈನಲ್ಲಿ ನೇತಾಜಿ ಇಲ್ಲಿ ಸ್ಮಾರಕಕ್ಕೆ ಅಡಿಗಲ್ಲು ಹಾಕಿದ್ದರು. ಹಿಂದಿರುಗಿದ ಬ್ರಿಟಿಷರು ಅದನ್ನು ಒಡೆಸಿಬಿಟ್ಟರು. 1995ರಲ್ಲಿ ಅದೇ ಜಾಗದಲ್ಲಿ ಗುರುತಿನ ಫಲಕ ಇಟ್ಟಿದ್ದಾರೆ. ಅಪ್ಪ ಚಪ್ಪಲಿ ಬಿಟ್ಟು, ತಾತನ ಗೆಳೆಯನ ಹೆಸರು ಹೇಳಿ ಕೈಮುಗಿದರು.

"ಅವರ ಮನೆಯವರು ಊರಲ್ಲಿ ಇದ್ದಾರಾ, ತಾತ?"

"ಇದ್ದಾರೆ, ಕೆರೆ ಹಿಂದಿನ ಬೀದೀಲಿ," ಎಂದ ಅಪ್ಪ ನನ್ನತ್ತ ತಿರುಗಿ, "ಫಲಕದ ಫೋಟೊ ತೆಗಿಯಮ್ಮ, ಅಕ್ಷರ ಓದೋಕೆ ಬರೋ ಹಾಗೆ. ಅವರಿಗೂ ಒಂದು ಪ್ರತಿ ಕೊಡೋಣ" ಎಂದರು.