ಡ್ರೈಯರ್‌ನಲ್ಲಿ ಅಡಿಕೆ ಒಣಗ್ತಿಲ್ವಾ? ಗ್ಯಾಸ್ ಆಮೇಲೆ, ಮೊದಲು ಗಾಳಿ ನೋಡಿ



ಮಳೆ ಬಿಡ್ತಿಲ್ಲ. ಬೇಯಿಸಿದ ಅಡಿಕೆಯನ್ನ ಕಣದಲ್ಲಿ ಹರಡೋಕೆ ಆಗದೆ, ಗ್ಯಾಸ್ ಡ್ರೈಯರ್ ಇರೋರೆಲ್ಲ ಹಗಲು ರಾತ್ರಿ ಓಡಿಸ್ತಿದ್ದಾರೆ. ಈ ವಾರ ಮೂರು ಜನ ನಂಗೆ ಫೋನ್ ಮಾಡಿದ್ರು. ಮೂವರದ್ದೂ ಒಂದೇ ದೂರು. ಉರಿ ಹತ್ತುತ್ತೆ, ಐದು ನಿಮಿಷಕ್ಕೆ ತಾನಾಗೇ ಆರುತ್ತೆ, ಮತ್ತೆ ಹತ್ತುತ್ತೆ. ಸಿಲಿಂಡರ್ ಖಾಲಿಯಾಗ್ತಿದೆ, ಅಡಿಕೆ ಮಾತ್ರ ಹಸಿ ಹಸಿ. ಹೋದ ವರ್ಷ ನಮ್ಮನೇಲೂ ಹೀಗೇ ಆಗಿತ್ತು. ಫೋನಲ್ಲಿ ಹೇಳಿದ್ರೆ ಅರ್ಧ ತಲುಪುತ್ತೆ, ಅದಕ್ಕೆ ಬರೆದೇ ಹಾಕ್ತಿದ್ದೀನಿ.

ನಮ್ಮ ಡ್ರೈಯರ್ ಹೇಗಿದೆ ಅಂತ ಮೊದಲು ಹೇಳ್ತೀನಿ, ಹೆಚ್ಚುಕಮ್ಮಿ ಎಲ್ಲರದ್ದೂ ಹಾಗೇ ಇರುತ್ತೆ. ಕೆಳಗೆ ಕಬ್ಬಿಣದ ಪೆಟ್ಟಿಗೆ, ಅದರೊಳಗೆ ಗ್ಯಾಸ್ ಉರಿ. ಆ ಉರಿಯ ಹೊಗೆ ಹೋಗೋಕೆ ಬೇರೆ ಕೊಳವೆ. ಪೆಟ್ಟಿಗೆಯ ಹೊರಮೈ ಮೇಲೆ ಬ್ಲೋವರ್ ಗಾಳಿ ಹೊಡೆಯುತ್ತೆ, ಆ ಗಾಳಿ ಬಿಸಿಯಾಗಿ ಮೇಲಿನ ಟ್ರೇಗಳ ಅಡಿಕೆ ಸಂದೀಲಿ ನುಗ್ಗಿ, ತೇವ ಹೊತ್ತುಕೊಂಡು ಮೇಲಿನ ಕಿಂಡಿಯಿಂದ ಹೊರಗೆ ಹೋಗುತ್ತೆ. ಪೆಟ್ಟಿಗೆ ಹತ್ರ ಒಂದು ಸಣ್ಣ ಸ್ವಿಚ್ ಇರುತ್ತೆ. ಬಿಸಿ ಅಳತೆ ಮೀರಿದ್ರೆ ಅದು ಗ್ಯಾಸ್ ಕಟ್ ಮಾಡುತ್ತೆ, ತಣ್ಣಗಾದ ಮೇಲೆ ಮತ್ತೆ ಬಿಡುತ್ತೆ.

ಎರಡನೇ ಕೊಯ್ಲಿನ ಅಡಿಕೆ ಅದು. ಸೊಸೈಟಿ ಸಾಲದ ಕಂತು ಅದರ ಮೇಲೇ ನಿಂತಿತ್ತು. ಎರಡು ದಿನ ಓಡಿಸಿದ ಮೇಲೂ ಮೇಲಿನ ಟ್ರೇ ಅಡಿಕೆ ಕೈಗೆ ಅಂಟ್ತಿತ್ತು. ಮೂರನೇ ದಿನ ಹುಳಿ ವಾಸನೆ, ಮೂಲೇಲಿ ಬಿಳಿ ಬೂಷ್ಟು. ಬೂಷ್ಟು ಹಿಡಿದಿದ್ದನ್ನ ರಾಶಿಗೆ ಸೇರಿಸೋಕಾಗಲ್ಲ, ಸೇರಿಸಿದ್ರೆ ಇಡೀ ಚೀಲದ ರೇಟೇ ಬೀಳುತ್ತೆ. ರಿಪೇರಿಗೆ ಬಂದ ಹುಡುಗ ಮೊದಲು ರೆಗ್ಯುಲೇಟರ್ ಬದಲಾಯಿಸಿದ. ಆಗಲಿಲ್ಲ. ಆಮೇಲೆ ಹೇಳಿದ, 'ಅಣ್ಣ, ಈ ಸ್ವಿಚ್ ಹೋಗಿದೆ, ತೆಗೆದು ವಯರ್ ನೇರ ಕೊಟ್ಬಿಡ್ತೀನಿ, ಉರಿ ಆರೋದೇ ಇಲ್ಲ.'

ಅಷ್ಟೊತ್ತಿಗೆ ನ್ಯೂ ಟೌನಿಂದ ನಮ್ಮ ಭಾವ ಬಂದಿದ್ರು. ಭದ್ರಾವತಿ ಕಾರ್ಖಾನೇಲಿ ಫಿಟ್ಟರ್ ಆಗಿ ರಿಟೈರ್ ಆದೋರು. ಅವರು ಆ ಹುಡುಗನ ಕೈ ಹಿಡಿದು ನಿಲ್ಲಿಸಿದ್ರು. 'ಸ್ವಿಚ್ ಅದರ ಕೆಲಸ ಮಾಡ್ತಿದೆ ಕಣೋ. ಬಿಸಿ ಮೇಲೆ ಹೋಗ್ತಿಲ್ಲ, ಇಲ್ಲೇ ಕೂತಿದೆ. ಅದನ್ನ ಕಿತ್ತು ಹಾಕಿದ್ರೆ ಪೆಟ್ಟಿಗೆ ಕೆಂಪಗಾಗುತ್ತೆ, ಸಿಪ್ಪೆ ಧೂಳಿಗೆ ಕಿಡಿ ಹತ್ತುತ್ತೆ' ಅಂದ್ರು.

ಕಾರ್ಖಾನೆಯವರಿಗೆ ಗಾಳಿ ವಿಷಯ ಹೇಳಿಕೊಡಬೇಕಿಲ್ಲ ಬಿಡಿ. ನಮ್ಮ ಭದ್ರಾವತೀಲಿ 1923ರಲ್ಲಿ ಕಬ್ಬಿಣ ಕರಗಿಸೋಕೆ ಶುರು ಮಾಡಿದ್ದೇ ಕಾಡಿನ ಸೌದೆ ಸುಟ್ಟ ಇದ್ದಿಲಲ್ಲಿ. ಆ ಇದ್ದಿಲಿಂದ ಕಬ್ಬಿಣ ಕರಗೋ ಶಾಖ ಬರ್ತಿದ್ದಿದ್ದು ಕುಲುಮೆ ಕೆಳಗಿನಿಂದ ಊದೋ ಬಿಸಿಗಾಳಿಯಿಂದ. ಭಾವ ಈ ಕಥೆ ಶುರು ಮಾಡಿದ್ರೆ ಎರಡು ಕಾಫಿ ಆಗುತ್ತೆ, ಅವತ್ತು ಮಾತ್ರ ಒಂದೇ ಮಾತಲ್ಲಿ ಮುಗಿಸಿದ್ರು.

ಅವರು ಮಾಡಿದ್ದು ಇಷ್ಟು. ಕೆಳಗಿನ ಟ್ರೇ, ಮೇಲಿನ ಟ್ರೇ ಎರಡರ ಹತ್ರಾನೂ ಕೈ ಹಿಡಿದ್ರು. ಕೆಳಗೆ ಸುಡುತ್ತೆ, ಮೇಲೆ ಬೆಚ್ಚಗೂ ಇಲ್ಲ. ತೆಳು ಪ್ಲಾಸ್ಟಿಕ್ ಕವರಿನ ಒಂದು ಪಟ್ಟಿ ಕತ್ತರಿಸಿ, ಕಡ್ಡಿಗೆ ಕಟ್ಟಿ ಮೇಲಿನ ಕಿಂಡಿಗೆ ಹಿಡಿದ್ರು. ಪಟಪಟ ಹಾರಬೇಕಿದ್ದ ಪಟ್ಟಿ ಜೋತು ಬಿದ್ದಿತ್ತು. ಬ್ಲೋವರ್ ಸದ್ದು ಮಾತ್ರ ಜೋರಾಗೇ ಇತ್ತು, ಗಾಳಿಯೂ ಸ್ವಲ್ಪ ಬರ್ತಿತ್ತು. ಅದಕ್ಕೇ ಯಾರಿಗೂ ಅದರ ಮೇಲೆ ಅನುಮಾನ ಬಂದಿರಲಿಲ್ಲ.

ಕಾಫಿ ತಂದ ನಮ್ಮನೆಯವಳು ಅಲ್ಲೇ ನಿಂತು ಹೇಳಿದಳು, 'ಅಣ್ಣಾ, ಹೋದ ವಾರ ಟಿಸಿ ಬದಲಾಯಿಸಿದ ಮೇಲೆ ಬೋರ್ ನೀರೂ ಕಮ್ಮಿ ಬರ್ತಿದೆ.' ಭಾವ ನಕ್ಕು ಮೋಟಾರ್ ಆಫ್ ಮಾಡಿಸಿದ್ರು. ಫ್ಯಾನ್ ನಿಧಾನ ಆಗುವಾಗ ಟಾರ್ಚ್ ಬಿಟ್ಟು ನೋಡಿದ್ರೆ, ಬ್ಲೋವರ್ ಮೈಮೇಲಿನ ಬಾಣ ಒಂದು ಕಡೆ, ಫ್ಯಾನ್ ತಿರುಗ್ತಿರೋದು ಇನ್ನೊಂದು ಕಡೆ!

ತ್ರೀ ಫೇಸಲ್ಲಿ ಯಾವುದಾದ್ರೂ ಎರಡು ವಯರ್ ಅದಲು ಬದಲಾದ್ರೆ ಮೋಟಾರ್ ಉಲ್ಟಾ ತಿರುಗುತ್ತೆ, ಇದು ನಮಗೆಲ್ಲ ಗೊತ್ತು. ಬೋರ್ ಮೋಟಾರ್ ಉಲ್ಟಾ ತಿರುಗಿದ್ರೂ ನೀರು ಪೂರಾ ನಿಲ್ಲಲ್ಲ, ಕಮ್ಮಿ ಬರುತ್ತೆ. ಈ ಪೆಟ್ಟಿಗೆ ಬ್ಲೋವರೂ ಹಾಗೇ. ಉಲ್ಟಾ ತಿರುಗಿದ್ರೆ ಗಾಳಿ ಒಳಗೆ ಎಳ್ಕೊಳ್ಳಲ್ಲ, ಅದೇ ಬಾಯಿಂದ ಅದೇ ದಿಕ್ಕಿಗೇ ಊದುತ್ತೆ, ಆದ್ರೆ ಬಹಳ ಕಮ್ಮಿ. ಟಿಸಿ ಬದಲಾದಾಗ, ಲೈನ್ ಕೆಲಸ ಆದಾಗ, ಮೋಟಾರ್ ವೈಂಡಿಂಗ್ ಮಾಡಿಸಿ ತಂದಾಗ ಇದೊಂದನ್ನ ನೋಡ್ಲೇಬೇಕು. ಎಲೆಕ್ಟ್ರಿಷಿಯನ್ ಬಂದು ಮೇನ್ ಆಫ್ ಮಾಡಿ ಎರಡು ವಯರ್ ಅದಲು ಬದಲು ಮಾಡಿದ, ಹತ್ತು ನಿಮಿಷದ ಕೆಲಸ. ಬ್ಲೋವರ್ ಗಾಳಿ ಎಳೆಯೋ ಬಾಯಿಯ ಜಾಲರಿ ಮೇಲೂ ಸುಲಿಯೋ ಮಿಷನ್ನಿಂದ ಹಾರಿದ ಸಿಪ್ಪೆ ನಾರು ಕಂಬಳಿ ಥರ ಕೂತಿತ್ತು, ಅದನ್ನೂ ಕಿತ್ತೆವು. ಸಂಜೆಯಿಂದ ಉರಿ ಆರಲಿಲ್ಲ. ಎರಡು ಬುಟ್ಟಿ ಬೂಷ್ಟಡಿಕೆ ಆರಿಸಿ ತೆಗೆದ್ವಿ, ಉಳಿದಿದ್ದು ರಾಶಿಗೇ ಹೋಯ್ತು.

ಈಗ ನೀವು ಏನು ನೋಡಬೇಕು ಅಂತ. ಪಟ್ಟಿ ಹಿಡಿಯೋದು ಮೊದಲು. ಪಟ್ಟಿ ಬದಲು ಊದುಬತ್ತಿ ಹಚ್ಚಿ ಹೋಗಬೇಡಿ, ಗ್ಯಾಸ್ ಇರೋ ಜಾಗ ಅದು. ಗಾಳಿ ಕಮ್ಮಿ ಅನಿಸಿದ್ರೆ ಫ್ಯಾನ್ ಬಾಣ, ಬೆಲ್ಟ್, ವೋಲ್ಟೇಜ್, ಗಾಳಿ ಎಳೆಯೋ ಜಾಲರಿ. ಅಲ್ಲೆಲ್ಲ ಸರಿ ಇದ್ರೆ ತೊಂದರೆ ಟ್ರೇಗಳಲ್ಲಿದೆ. ಚೊಗರು ಒಣಗಿ ಟ್ರೇ ತೂತೆಲ್ಲ ಮುಚ್ಚಿರುತ್ತೆ, ಬಿಸಿನೀರಲ್ಲಿ ನೆನೆಸಿ ಬ್ರಷ್ ಹಾಕಿ ಉಜ್ಜಬೇಕು. ಬೇಗ ಮುಗೀಲಿ ಅಂತ ಟ್ರೇ ತುಂಬ ಒತ್ತಿ ತುಂಬೋರಿದ್ದಾರೆ. ಹಾಗೆ ತುಂಬಿದ್ರೆ ಗಾಳಿ ಅಡಿಕೆ ಸಂದೀಲಿ ಹೋಗದೆ ಬಾಗಿಲ ಬಿರುಕು ಹುಡುಕುತ್ತೆ.

ಇನ್ನು ಬಿಸಿ ಹೊರಗೆ ಹೋಗಿ ದಂಡ ಆಗುತ್ತೆ ಅಂತ ಮೇಲಿನ ಕಿಂಡಿಗೆ ಗೋಣಿಚೀಲ ಮುಚ್ಚೋರು. ನನಗೆ ಸಿಟ್ಟು ಬರೋದು ಇಲ್ಲೇ. ತೇವದಿಂದ ತುಂಬಿದ 28 ಡಿಗ್ರಿ ಮಳೆಗಾಲದ ಗಾಳೀನ 55 ಡಿಗ್ರಿಗೆ ಕಾಯಿಸಿದ್ರೆ ಅದರ ತೇವದ ಮಟ್ಟ ಶೇಕಡಾ 100ರಿಂದ 25ರ ಹತ್ರಕ್ಕೆ ಇಳಿಯುತ್ತೆ. ಆ ಬಾಯಾರಿದ ಗಾಳಿಯೇ ಅಡಿಕೆಯ ನೀರು ಹೀರೋದು. ಹೀರಿದ ಗಾಳಿ ಹೊರಗೆ ಹೋಗದಿದ್ರೆ ಹಂಡೆ ಮೇಲೆ ಮುಚ್ಚಳ ಹಾಕಿದ ಹಾಗೆ. ಉರಿಯ ಹೊಗೆ ನೇರ ಅಡಿಕೆ ಮೇಲೇ ಹೋಗೋ ಅಗ್ಗದ ಡ್ರೈಯರ್‌ಗಳಲ್ಲಂತೂ ಇನ್ನೂ ಕಷ್ಟ. ಒಂದು ಕೆಜಿ ಗ್ಯಾಸ್ ಉರಿದ್ರೆ ಒಂದೂವರೆ ಕೆಜಿಗೂ ಜಾಸ್ತಿ ನೀರು ಆವಿಯಾಗಿ ಹುಟ್ಟುತ್ತೆ. 19 ಕೆಜಿ ಸಿಲಿಂಡರ್ ಮುಗಿಯೋ ಹೊತ್ತಿಗೆ ಸುಮಾರು 30 ಕೆಜಿ ನೀರು ನಾವೇ ಒಳಗೆ ಬಿಟ್ಟ ಹಾಗಾಯ್ತು.

ಉರಿಗೆ ಬೇಕಾದ ಗಾಳಿ ಬೇರೆ. ಒಂದು ಕೆಜಿ ಗ್ಯಾಸ್ ಪೂರ್ತಿ ಉರಿಯೋಕೆ 15 ಕೆಜಿ ಗಾಳಿ ಬೇಕು. ಉರಿ ನೀಲಿ ಇದ್ರೆ ಸರಿ. ಹಳದಿಯಾಗಿ, ಮಸಿ ಕಟ್ತಿದ್ರೆ ಗಾಳಿ ಸಾಲ್ತಿಲ್ಲ. ವರ್ಷದಲ್ಲಿ ಎಂಟು ತಿಂಗಳು ಸುಮ್ನೆ ನಿಂತ ಬರ್ನರ್ ಕೊಳವೇಲಿ ಜೇಡ ಬಲೆ ಕಟ್ಟಿರುತ್ತೆ, ಕಣಜ ಮಣ್ಣಿನ ಗೂಡು ಮಾಡಿರುತ್ತೆ. ಗ್ಯಾಸ್ ಬಂದ್ ಮಾಡಿ, ತಣ್ಣಗಾದ ಮೇಲೆ ಬಿಚ್ಚಿಸಿ ಕ್ಲೀನ್ ಮಾಡಿಸಿ. ಎರಚಲು ಬರುತ್ತೆ ಅಂತ ಶೆಡ್ ಸುತ್ತ ಟಾರ್ಪಾಲ್ ಬಿಗಿಯಾಗಿ ಕಟ್ಟಿ, ಒಳಗೆ ಬೆಚ್ಚಗಿದೆ ಅಂತ ಕಾವಲಿಗೆ ಅಲ್ಲೇ ಮಲಗೋದು ನಮ್ಮ ಕಡೆ ರೂಢಿ. ದಯವಿಟ್ಟು ಬೇಡ. ಗಾಳಿ ಸಾಲದೆ ಉರಿದ ಗ್ಯಾಸಿಂದ ಕಾರ್ಬನ್ ಮೊನಾಕ್ಸೈಡ್ ಬರುತ್ತೆ, ಅದಕ್ಕೆ ವಾಸನೆ ಇಲ್ಲ. ತಲೆನೋವು, ವಾಂತಿ ಬಂದಂಗಾದ್ರೆ ತಕ್ಷಣ ಎಲ್ಲರೂ ಹೊರಗೆ ಬನ್ನಿ. ಮಲಗಿದ್ದೋರಿಗೆ ಅದೂ ಗೊತ್ತಾಗಲ್ಲ.

ಮೊದಲು ಹೇಳಿದ ಮೂವರಿಗೂ ಫ್ಯಾನ್ ಬಾಣದ ವೀಡಿಯೋ ಕಳಿಸಿ ಅಂದಿದ್ದೆ. ಒಬ್ರು ನಿನ್ನೆ ಕಳಿಸಿದ್ರು. ಅವರದ್ದು ಸರಿಯಾಗೇ ತಿರುಗ್ತಿದೆ, ಬೆಲ್ಟ್ ಸಡಿಲ. ಉಳಿದಿಬ್ಬರದ್ದು ಇನ್ನೂ ಬಂದಿಲ್ಲ. ಕರೆಂಟ್ ಇದ್ದಾಗ ಕಳಿಸಿ ಮಾರಾಯ್ರೆ, ಅಲ್ಲೀವರೆಗೂ ಆ ಸ್ವಿಚ್ಚಿಗೆ ಮಾತ್ರ ಕೈ ಹಾಕಬೇಡಿ.